ರಬ್ಬರ್ ತೋಟದ ಸೈಕಲ್ಲು

ಮಲಯದಿಂದ ತಿರುಗಿ ಬಂದ ಹೊಸದರಲ್ಲಿ ಬಳ್ಳಾರಿಯ ಗೆಳೆಯರು ನನ್ನನ್ನು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಿದ್ದರು. ಅಲ್ಲಿಯ ಡುರಿಯನ್ ಹಣ್ಣು ನಿಜಕ್ಕೂ ಅಷ್ಟು ನಾರುತ್ತದೆಯೇ? ಚೀನೀಯರು ಕಡ್ಡಿಯಲ್ಲಿ ಅನ್ನ ಹೇಗೆ ತಿನ್ನುತ್ತಾರೆ? ನಾರುತ್ತದೆ. ಬಟ್ಟಲನ್ನು ತುಟಿಗೆ ಹಿಡಿದು ಕಡ್ಡಿಯಿಂದ ಒಳಗೆ ತಳ್ಳಿಕೊಳ್ಳುತ್ತಾರೆ. ಇಷ್ಟನ್ನು ಆಗಲೇ ನಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿದೆವು. ಉಳಿದ ಸಂಗತಿಯನ್ನು ಅಚ್ಚು ಮಾಡಲಾಗಲಿಲ್ಲ. ಯುದ್ಧದ ಕಾಲ, ಬರೆದದ್ದೆಲ್ಲ ಸರ್ಕಾರದವರ ಕಣ್ಣಿನ ಕೆಳಗೆ ಹಾದು ಬರಬೇಕಿತ್ತು, ಮತ್ತು ಈ ಬರಹ ಹಾದು ಬರುವಂಥದಾಗಿರಲಿಲ್ಲ. ಈಗ ಆ ಕಣ್ಣು ಸಮುದ್ರ ದಾಟಿ ತನ್ನ ದೇಶಕ್ಕೆ ಹೋಗಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿ ಹೇಳುತ್ತೇನೆ.

ಹೊರಟದ್ದು ನನ್ನ ಕೆಲಸಕ್ಕಲ್ಲ. ಕುರುಗೋಡಿನ ಖಾಜಾಸಾಬರು ಕಂಬಳಿ ವ್ಯಾಪಾರಿ. ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತು ಮಾರುತ್ತ ಬೆಳೆದವರು. ದೇಶನೂರಿನಿಂದ ಮಲಯದ ರಬ್ಬರ್ ತೋಟಕ್ಕೆ ಹೋಗಿದ್ದ ಹೊನ್ನೂರಪ್ಪ ಎಂಬವನು, ಊರಿಗೆ ಮರಳುತ್ತಿದ್ದ ಯಾರದೋ ಬಾಯಲ್ಲಿ ಅವರಿಗೆ ಒಂದು ಮಾತು ಹೇಳಿಕಳಿಸಿದ್ದ: ಇಲ್ಲಿ ಬೆಳಗಿನ ಜಾವ ಮಳೆ, ಥಂಡಿ, ಒಳ್ಳೆಯ ಕಂಬಳಿ ಸಿಗುವುದಿಲ್ಲ. ಅಷ್ಟಕ್ಕೇ ಖಾಜಾಸಾಬರು ಹಡಗು ಹತ್ತಲು ಸಿದ್ಧರಾದರು. ಇಂಗ್ಲಿಷು ಬಲ್ಲವನೊಬ್ಬ ಜೊತೆಗೆ ಬೇಕೆಂದು ನಮ್ಮ ಕಚೇರಿಗೆ ಬಂದು ಕೇಳಿದರು. ರಬ್ಬರ್ ತೋಟಗಳಲ್ಲಿ ನಮ್ಮ ಜನ ಹೇಗಿದ್ದಾರೆಂದು ನೋಡಿಕೊಂಡು ಬಾ ಎಂದು ಸಂಪಾದಕರು ನನ್ನನ್ನು ಬಿಟ್ಟುಕೊಟ್ಟರು. ಮಲಯದ ಸೆಖೆಗೆ ಕಂಬಳಿ ಹೊತ್ತುಕೊಂಡು ಹೋಗುವ ಇಬ್ಬರನ್ನು ಬಳ್ಳಾರಿಯ ಸ್ಟೇಷನ್ನಿನಲ್ಲಿ ಕಳಿಸಲು ಬಂದವರು ನಗುತ್ತಲೇ ಕಳಿಸಿದರು.

ಡೆಕ್ಕಿನ ಮೇಲೆ

ಮದ್ರಾಸಿನಲ್ಲಿ ಹಡಗು ಹತ್ತಿದೆವು. ನಮ್ಮದು ಡೆಕ್ಕಿನ ಪ್ರಯಾಣ. ಅಂದರೆ ಹಲಗೆಯ ಮೇಲೆ ಚಾಪೆ ಹಾಸಿದಷ್ಟು ಜಾಗ ನಿಮ್ಮದು, ಮೇಲಿನ ಆಕಾಶ ಎಲ್ಲರದು. ಖಾಜಾಸಾಬರು ಕಂಬಳಿಯ ಗಂಟುಗಳನ್ನು ಸುತ್ತಲೂ ಜೋಡಿಸಿ ಒಂದು ಕೋಟೆ ಕಟ್ಟಿದರು. ಪಕ್ಕದಲ್ಲಿ ಸೇಲಂ ಕಡೆಯ ಒಂದು ಸಂಸಾರ. ಅವರ ತಮಿಳು ನಮಗೆ ಅರ್ಧ, ನಮ್ಮ ತೆಲುಗು ಅವರಿಗೆ ಅರ್ಧ. ಎರಡು ಅರ್ಧ ಸೇರಿ ಉಪ್ಪಿನಕಾಯಿಯ ವಿನಿಮಯ ಸರಾಗವಾಗಿ ನಡೆಯಿತು.

ನಮ್ಮ ತಲೆಯ ಮೇಲಿನ ಅಂತಸ್ತಿನಲ್ಲಿ ಕ್ಯಾಬಿನ್ನಿನವರು. ಅವರಲ್ಲೊಬ್ಬ ಬಿಳಿಯ ಮುದುಕ ಕಟಕಟೆಗೆ ಒರಗಿ ಹಗಲೆಲ್ಲ ಕೆಮ್ಮುತ್ತಿದ್ದ. ಎದೆಯ ಬುಡದಿಂದ ಬರುವ ಕೆಮ್ಮು. ಖಾಜಾಸಾಬರಿಗೆ ಅವನ ಮೇಲೆ ಮರುಕ. ಓಮಿನ ಕಾಳು ಕೊಟ್ಟು ಬರುತ್ತೇನೆಂದು ಮೆಟ್ಟಿಲು ಹತ್ತಿದವರನ್ನು ಖಲಾಸಿಯೊಬ್ಬ ನಡುವಿನಲ್ಲೇ ತಡೆದು ಇಳಿಸಿದ.

ಪಿನಾಂಗಿನ ಎದುರಿನ ದ್ವೀಪ

ಪಿನಾಂಗ್ ಕಣ್ಣಿಗೆ ಕಾಣುತ್ತಿದ್ದಂತೆ ಹಡಗು ನಿಂತಿತು. ಕ್ಯಾಬಿನ್ನಿನವರು ಒಂದು ದೋಣಿಯಲ್ಲಿ ಊರಿಗೆ ಹೋದರು. ಕೆಮ್ಮುತ್ತಿದ್ದ ಮುದುಕನೂ ಕೆಮ್ಮುತ್ತಲೇ ಹೋದ. ಡೆಕ್ಕಿನವರನ್ನೆಲ್ಲ ಬೇರೆ ದೋಣಿಗಳಲ್ಲಿ ತುಂಬಿ ಒಂದು ದ್ವೀಪಕ್ಕೆ ಒಯ್ದರು. ರೋಗ ಬಾರದಂತೆ ಕಾಯುವ ಕ್ಯಾಂಪು ಅದು. ನಮ್ಮಲ್ಲಿ ಯಾರಿಗೂ ನೆಗಡಿ ಕೂಡ ಇರಲಿಲ್ಲ. ನಾಡಿ ಹಿಡಿಯುವ ಮೊದಲೇ ರೋಗಿಗಳನ್ನು ಆರಿಸಿಯಾಗಿತ್ತು. ಟಿಕೆಟ್ಟು ನೋಡಿ ರೋಗ ಗುರುತಿಸುವ ವೈದ್ಯವನ್ನು ನಾನು ಅದೇ ಮೊದಲು ಕಂಡದ್ದು.

ಗಂಡಸರನ್ನು ಸಾಲಾಗಿ ನಿಲ್ಲಿಸಿ, ಫಿನಾಯಿಲಿನಂಥ ವಾಸನೆಯ ನೀರಿನಲ್ಲಿ ಮೀಯಿಸಿದರು. ಉಟ್ಟ ಬಟ್ಟೆ, ತಂದ ಗಂಟು, ಎಲ್ಲವನ್ನೂ ಆವಿಯ ಪೆಟ್ಟಿಗೆಗೆ ಹಾಕಿದರು. ಕಂಬಳಿಗಳನ್ನೂ ಹಾಕಿದರು. ಬೇಡವೆಂದು ಹೇಳಲು ಖಾಜಾಸಾಬರು ಕನ್ನಡ, ಉರ್ದು, ತೆಲುಗು ಮೂರನ್ನೂ ಬಳಸಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಉಣ್ಣೆ ಕುದಿಯಿತು. ಕುರಿಹಟ್ಟಿಯ ವಾಸನೆ ದ್ವೀಪದ ತುಂಬ ಹರಡಿತು. ಸಂಜೆ ಹೊರಗೆ ಬಂದ ಕಂಬಳಿಗಳು ಹಲಗೆಯಂತೆ ಗಟ್ಟಿಯಾಗಿ, ಮೊಳಕಾಲಿಗೆ ಸಾಲದಷ್ಟು ಕುಗ್ಗಿದ್ದವು.

ಖಾಜಾಸಾಬರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಕಂಬಳಿ ಕೊಟ್ಟಿದ್ವಿ, ಟವಲ್ ಕೊಟ್ರು ನೋಡ್ರಿ,” ಎಂದರು. ಆಮೇಲೆ ಒಂದೊಂದನ್ನೇ ಮಡಿಸಿ ಮತ್ತೆ ಗಂಟು ಕಟ್ಟಿದರು.

ರೈಲು, ಹೆಬ್ಬೆಟ್ಟು, ಕಿರಾಣಿ

ದ್ವೀಪದಿಂದ ಬಿಡುಗಡೆಯಾದ ಮೇಲೆ ದಕ್ಷಿಣಕ್ಕೆ ರೈಲು. ಎರಡೂ ಕಡೆ ರಬ್ಬರ್ ಮರಗಳು, ಸಾಲು ತಪ್ಪದೆ, ಗಂಟೆಗಟ್ಟಲೆ. ನಮ್ಮ ಎರೆಹೊಲಗಳ ಬಯಲಿಗೆ ಒಗ್ಗಿದ ಕಣ್ಣಿಗೆ ಅಷ್ಟು ಹಸಿರಿನಲ್ಲಿ ದಿಗಂತವೇ ಸಿಗಲಿಲ್ಲ. ಸ್ಟೇಷನ್ನಿನಲ್ಲಿ ಕಾಫಿ ಕೇಳಿದರೆ ಹಾಲಿನ ಖಾಲಿ ಡಬ್ಬಿಗೆ ಸುರಿದು, ದಾರ ಕಟ್ಟಿ, ಕೈಗೆ ತೂಗುಹಾಕಿದರು.

ಇಳಿದ ಸ್ಟೇಷನ್ನಿನಲ್ಲಿ ಮಲಯದವನೊಬ್ಬನನ್ನು ದಾರಿ ಕೇಳಿ, ‘ಆ ಕಡೆಯೇ?’ ಎಂದು ಬೆರಳು ತೋರಿಸಿದೆ. ಅವನ ಮುಖ ಸಪ್ಪಗಾಯಿತು. ತೋರುಬೆರಳು ಚಾಚುವುದು ಅಲ್ಲಿ ಅಸಭ್ಯವಂತೆ. ಅವನು ಬಲಗೈಯ ಬೆರಳುಗಳನ್ನು ಮಡಿಸಿ ಹೆಬ್ಬೆಟ್ಟಿನಿಂದ ಮೃದುವಾಗಿ ದಾರಿ ತೋರಿಸಿದ. ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಅಕ್ಷರ ಬಾರದವನು. ಅಲ್ಲಿ ಮರ್ಯಾದೆ ಬಲ್ಲವನು.

ಇನ್ನೊಂದು ತಪ್ಪು ಖಾಜಾಸಾಬರದು. ತೋಟದ ಗೇಟಿನಲ್ಲಿ ಕಾವಲುಗಾರ, ಮೊದಲು ಕಿರಾಣಿಯನ್ನು ಕಾಣಬೇಕು ಎಂದ. ಬಳ್ಳಾರಿಯಲ್ಲಿ ಕಿರಾಣಿ ಎಂದರೆ ಬೇಳೆ ಬೆಲ್ಲದ ಅಂಗಡಿ. ಖಾಜಾಸಾಬರು ನೇರವಾಗಿ ಹೋಗಿ, ಕಚೇರಿಯ ಜಗುಲಿಯಲ್ಲಿ ಕುಳಿತಿದ್ದವರನ್ನು ಬೆಲ್ಲ ಇದೆಯೇ ಎಂದು ಕೇಳಿದರು. ಅಲ್ಲಿಯ ತಮಿಳಿನಲ್ಲಿ ಕಿರಾಣಿ ಎಂದರೆ ಗುಮಾಸ್ತ. ಇವರು ತಂಜಾವೂರು ಸೀಮೆಯವರು. ಬಿಳಿಯ ಷರಟು, ಕನ್ನಡಕ, ಹೆಚ್ಚು ನಗದ ಮುಖ. ಆ ದಿನ ಮಾತ್ರ ನಕ್ಕರು. ನಮ್ಮನ್ನು ಹೊನ್ನೂರಪ್ಪನ ಸಂಬಂಧಿಕರೆಂದು ಬರೆದುಕೊಂಡು ಎರಡು ದಿನ ಇರಲು ಅನುಮತಿ ಕೊಟ್ಟರು. ಭಾಷೆಯ ಈ ತಮಾಷೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ.

ಲೈನ್ ಮನೆ

ಹೊನ್ನೂರಪ್ಪನಿಗೆ ಮೂವತ್ತರ ಆಸುಪಾಸು. ತೆಳ್ಳಗಿನ ಮೈ, ಮುಂಗೈ ತುಂಬ ರಬ್ಬರ್ ಹಾಲಿನ ಒಣಗಿದ ಕಲೆ. ಅವನ ಹೆಂಡತಿ ಹುಲಿಗೆಮ್ಮ ಕಳೆ ಕೀಳುವ ಹೆಂಗಸರ ಗುಂಪಿನಲ್ಲಿದ್ದಳು. ಆಗ ತುಂಬು ಬಸುರಿ. ಲೈನ್ ಎಂದರೆ ಉದ್ದನೆಯ ಒಂದೇ ಕಟ್ಟಡ, ಒಳಗೆ ಅಡ್ಡಗೋಡೆ ಹಾಕಿ ಮಾಡಿದ ಕೋಣೆಗಳು. ಒಂದು ಕೋಣೆ ಒಂದು ಸಂಸಾರ. ಕೋಣೆ ತೋಟದ್ದು; ಕೆಲಸ ಹೋದರೆ ಕೋಣೆ ಹೋಯಿತು. ಹೆರಿಗೆಗೆ ತೋಟದ ಆಸ್ಪತ್ರೆಯೇ. ಕೆಲಸ ಹೋದರೆ ಅದೂ ಹೋಯಿತು.

ಖಾಜಾಸಾಬರನ್ನು ಕಂಡು ಹೊನ್ನೂರಪ್ಪ ಮೊದಲು ಕಾಲಿಗೆ ಬಿದ್ದ, ಆಮೇಲೆ ಕಂಬಳಿಯ ಅಳತೆ ನೋಡಿ ನಕ್ಕ. ಇವರು ಅವನ ಅಪ್ಪನಿಗೆ ಕಂಬಳಿ ಮಾರಿದವರು; ಅವನಿಗೆ ಖಾಜಾಮಾವ. “ಇದನ್ನ ಹೊಚ್ಚಿಗೊಂಡ್ರ ಮಕ ಮುಚ್ಚಿದ್ರ ಕಾಲು ಬಯಲು, ಕಾಲು ಮುಚ್ಚಿದ್ರ ಮಕ ಬಯಲು ಮಾವ,” ಎಂದ. ಖಾಜಾಸಾಬರು, “ಹುಟ್ಟೋ ಕೂಸಿಗೆ ಸರಿ ಆಗತೈತಿ, ಸುಮ್ಕಿರಲೇ,” ಎಂದು ಒಂದನ್ನು ಹುಲಿಗೆಮ್ಮನ ಕೈಗೆ ಹಾಕಿದರು.

ಊಟಕ್ಕೆ ಕುಳಿತಾಗ ಅವನು ಹೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ. ಅದೇ ಮರ, ಅದೇ ಚಾಕು, ಅದೇ ಬಕೀಟು. ಚೀನೀ ಆಳಿಗೆ ಒಂದು ಕೂಲಿ, ನಮ್ಮವನಿಗೆ ಅದಕ್ಕಿಂತ ಕಡಿಮೆ. ಕೇಳಿದರೆ, ಚೀನೀಯನ ಊಟದ ಖರ್ಚು ಹೆಚ್ಚು, ನೀವು ಅನ್ನ ಸಾರಿನಲ್ಲಿ ಬದುಕುವವರು ಎಂಬ ಉತ್ತರ ಬಂತಂತೆ. ತೋಟದ ರಬ್ಬರೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ದುಡಿಮೆ ಹೆಚ್ಚಿತ್ತು, ಕೂಲಿ ನಿಂತಲ್ಲೇ ನಿಂತಿತ್ತು. ಯುದ್ಧ ಯಾತಕ್ಕಾಗಿ ಎಂದು ಕಚೇರಿಯ ಗೋಡೆಗೆ ಅಂಟಿಸಿದ್ದರು: ಲೋಕದ ಸ್ವಾತಂತ್ರ್ಯಕ್ಕಾಗಿ.

ಗೋಡೆಗೆ ಒರಗಿ ಒಂದು ಸೈಕಲ್ಲು ನಿಂತಿತ್ತು. ಹಳೆಯದು, ಆದರೆ ಕಡ್ಡಿಕಡ್ಡಿಯೂ ಹೊಳೆಯುತ್ತಿತ್ತು. ಅದರ ಬಗ್ಗೆ ಕೇಳಿದಾಗ ತಿಳಿದದ್ದು ನನ್ನನ್ನು ತಬ್ಬಿಬ್ಬು ಮಾಡಿತು. ತೋಟದ ರಸ್ತೆಯಲ್ಲಿ ದೊರೆ, ಅಂದರೆ ಮ್ಯಾನೇಜರು, ಎದುರಾದರೆ ಕೂಲಿಯವನು ಸೈಕಲ್ಲಿನಿಂದ ಇಳಿದು ಪಕ್ಕಕ್ಕೆ ನಿಲ್ಲಬೇಕು. ಕೊಡೆ ಹಿಡಿದಿದ್ದರೆ ಮಳೆಯಲ್ಲೂ ಮಡಿಸಬೇಕು. ಕಿರಾಣಿ ಎದುರಾದರೂ ಇಳಿಯಬೇಕು. ಕಿರಾಣಿ ತನ್ನ ಸೈಕಲ್ಲಿನಿಂದ ದೊರೆಯ ಮುಂದೆ ಇಳಿಯಬೇಕು. ಇಳಿಯುವುದಕ್ಕೂ ಅಲ್ಲಿ ಏಣಿ ಇತ್ತು.

ಬಳ್ಳಾರಿಯ ಕಂಟೋನ್ಮೆಂಟಿನ ಬಳಿ ಬೆಳೆದವನು ನಾನು. ಸೋಲ್ಜರುಗಳು ಎದುರು ಬಂದರೆ ದಾರಿ ಬಿಡುತ್ತಿದ್ದೆವು. ಆದರೆ ಅದು ಅಂಜಿಕೆ. ಅಂಜಿಕೆಯನ್ನು ಯಾರೂ ನಿಯಮವಾಗಿ ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆ ಇಂಥ ನಿಯಮವಿಲ್ಲ ಎಂದು ನಾನು ಹೇಳಿದಾಗ, ಒಲೆಯ ಮುಂದಿದ್ದ ಹುಲಿಗೆಮ್ಮ ತಿರುಗಿ ನೋಡಿದಳು.

ಕೆಂಪು ರಸ್ತೆ

ಮರುದಿನ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹೊನ್ನೂರಪ್ಪ ನಮಗೆ ತೋಟ ತೋರಿಸಲು ಹೊರಟ. ಖಾಜಾಸಾಬರಿಗೆ ಮೊಣಕಾಲು ನೋವು; ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡ. ಟೋಪಿ, ಕರಿಕೋಟು, ಎರಡೂ ಕಾಲು ಒಂದೇ ಕಡೆಗೆ ಇಳಿಬಿಟ್ಟು, ಮದುವೆಗೆ ಹೊರಟವರಂತೆ ಕುಳಿತರು. ನಾನು ಹಿಂದೆ ನಡೆದು ಬರುತ್ತಿದ್ದೆ.

ತಿರುವಿನಲ್ಲಿ ದೊರೆಯ ಮೋಟಾರು ಬಂತು. ಹೊನ್ನೂರಪ್ಪ ಬ್ರೇಕು ಹಿಡಿಯಲು ಹೋದದ್ದನ್ನು ಕಂಡೆ. ಹಿಂದೆ ಕುಳಿತ ಹಿರಿಯರು ಕೋಟನ್ನು ಸರಿಮಾಡಿಕೊಳ್ಳುತ್ತಿದ್ದರು. ಅವನ ಕೈ ಸಡಿಲಾಯಿತು. ಒಂದು ಕೈಯಿಂದ ಸಲಾಮು ಮಾಡಿ, ಇಳಿಯದೆ, ಮುಂದೆ ಸಾಗಿದ. ಊರಿಂದ ಬಂದವರನ್ನು ನಡುದಾರಿಯಲ್ಲಿ ಇಳಿಸಿದವನು ಎಂಬ ಮಾತು ನಮ್ಮ ಸೀಮೆಯಲ್ಲಿ ಸಣ್ಣ ಮಾತಲ್ಲ.

ಮೋಟಾರು ನಿಂತಿತು. ಕೆಂಪು ಮುಖದ ನಡುವಯಸ್ಸಿನ ಇಂಗ್ಲಿಷಿನವ, ಕೆಳಗಿಳಿಯಲಿಲ್ಲ. ಹಿಂದಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಕಿರಾಣಿ ಧಡಕ್ಕನೆ ಇಳಿದು, ಓಡುತ್ತ ಬಂದರು. ಯಾಕೆ ಇಳಿಯಲಿಲ್ಲ ಎಂದು ಕೇಳು ಎಂದು ದೊರೆ ಹೇಳಿದ. ಕಿರಾಣಿ ತಮಿಳಿನಲ್ಲಿ ಕೇಳಿದರು. ಅಷ್ಟು ವರ್ಷ ತೋಟದ ತಮಿಳು ಆಡಿದ್ದ ಹೊನ್ನೂರಪ್ಪನ ಬಾಯಿಗೆ ಗಾಬರಿಯಲ್ಲಿ ದೇಶನೂರಿನ ಮಾತೇ ಬಂತು.

“ಊರೋರ ಸಂಗಾಟ ಅದೀನ್ರಿ. ಹೆಂಗ ಇಳೀಲಿ?”

ನಮ್ಮ ಕಡೆ ಸಂಗಾಟ ಎಂದರೆ ಜೊತೆ. ಮಗು ತಾಯಿಯ ಸಂಗಾಟ ಹೋಗುತ್ತದೆ, ರೊಟ್ಟಿಯ ಸಂಗಾಟ ಪಲ್ಯ ತಿನ್ನುತ್ತೇವೆ. ತಮಿಳಿನಲ್ಲಿ ಸಂಗಮ್ ಎಂದರೆ ಕೂಲಿಕಾರರ ಸಂಘ. ಸಂಗತ್ತಾರ್ ಎಂದರೆ ಸಂಘದವರು. ಆ ತಿಂಗಳುಗಳಲ್ಲಿ ಸುತ್ತಲಿನ ತೋಟಗಳಲ್ಲಿ ಆ ಪದವನ್ನು ಪಿಸುಮಾತಿನಲ್ಲಿ ಆಡುತ್ತಿದ್ದರು. ಕಿರಾಣಿಯ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಅವರು ದೊರೆಗೆ ಇಂಗ್ಲಿಷಿನಲ್ಲಿ ಹೇಳಿದರು: ಸಂಘದವರೊಂದಿಗೆ ಇದ್ದೇನೆ, ಇಳಿಯುವುದಿಲ್ಲ ಎನ್ನುತ್ತಾನೆ.

ನಾನು ಓಡಿ ಹೋಗಿ, ಅದು ಮಾತಿನ ತಪ್ಪು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ದೊರೆ ನನ್ನ ಕಡೆ ತಿರುಗಲಿಲ್ಲ. ಇವನು ಯಾರು ಎಂದು ಕಿರಾಣಿಯನ್ನು ಕೇಳಿದ. ಪತ್ರಿಕೆಯವನು ಎಂದು ನಾನೇ ಹೇಳಿದೆ. ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಆ ಒಂದು ಮಾತಿನಿಂದ ಸಾಕ್ಷಿಯಾಯಿತು. ನಾಳೆ ಬೆಳಗಿನ ಹಾಜರಿಯಲ್ಲಿ ಎಲ್ಲರ ಮುಂದೆ ಇದನ್ನು ತೀರ್ಮಾನಿಸುತ್ತೇನೆ, ಈ ಇಬ್ಬರು ನಾಳೆ ತೋಟ ಬಿಡಬೇಕು ಎಂದು ಹೇಳಿ ಹೊರಟುಹೋದ. ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಕುಳಿತೇ ಇದ್ದ ಎಂಬುದಕ್ಕೆ ಮನೆ, ಕೆಲಸ, ಹುಟ್ಟಲಿರುವ ಮಗುವಿನ ಹಾಸಿಗೆ, ಎಲ್ಲ ಪಣಕ್ಕೆ ಬಿದ್ದದ್ದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಿರಾಣಿಯ ಜಗುಲಿ

ಸಂಜೆ ನಾನೊಬ್ಬನೇ ಕಿರಾಣಿಯ ಮನೆಗೆ ಹೋದೆ. ತೆಲುಗು, ಇಂಗ್ಲಿಷು ಸೇರಿಸಿ ಸಂಗಾಟದ ಅರ್ಥ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವರಿಗೆ ನಗು ಬಂತು. ಬೆಲ್ಲ ಕೇಳಿದ್ದೂ ನೆನಪಾಯಿತೆಂದು ಕಾಣುತ್ತದೆ. ನಗು ನಿಂತ ಮೇಲೆ ಕನ್ನಡಕ ತೆಗೆದು ಒರೆಸುತ್ತ ಕುಳಿತರು. ತಾವು ತಪ್ಪಾಗಿ ಹೇಳಿದೆವೆಂದು ದೊರೆಯ ಮುಂದೆ ಒಪ್ಪಿಕೊಂಡರೆ ತಮಗೆ ಇಲ್ಲಿ ಜಾಗವಿಲ್ಲ ಎಂದರು. ಅವರಿಗೂ ಊರಲ್ಲಿ ಮದುವೆಯ ವಯಸ್ಸಿಗೆ ಬಂದ ತಂಗಿಯರಿದ್ದರು.

ಒಂದು ದಾರಿ ಇದೆ ಎಂದು ಅವರೇ ಹೇಳಿದರು. ಹಾಜರಿಯಲ್ಲಿ ದೊರೆ ಕೇಳುವುದು ಒಂದೇ ಪ್ರಶ್ನೆ: ನೀನು ಸಂಘದವನೇ? ಇಲ್ಲ ಎಂದರೆ ಸಾಕು. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಬಂಗಲೆಯ ಮೆಟ್ಟಿಲವರೆಗೆ ಹೋಗಿ ಸಲಾಮು ಮಾಡಿ ಬರಬೇಕು. ಅಲ್ಲಿಗೆ ಮುಗಿಯುತ್ತದೆ. “ಇಳಿದರೆ ಏನು ಹೋಗುತ್ತದೆ ಸಾರ್?” ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. “ನಾನು ಬಂದಾಗಿನಿಂದ ಇಳಿಯುತ್ತಲೇ ಇದ್ದೇನೆ.” ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಲೈನಿಗೆ ಹಿಂತಿರುಗಿದಾಗ ಹೊನ್ನೂರಪ್ಪನ ಬಾಗಿಲಲ್ಲಿ ಜನ. ಸಂಘ ಬಂದಿದೆ, ಹೊನ್ನೂರಪ್ಪನ ಮನೆಯಲ್ಲಿ ಇಳಿದಿದೆ ಎಂಬ ಸುದ್ದಿ ಎಲ್ಲ ಲೈನುಗಳಿಗೂ ಮುಟ್ಟಿತ್ತು. ಸಂಘವೆಂದು ಅವರು ನೋಡುತ್ತಿದ್ದದ್ದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಖಾಜಾಸಾಬರನ್ನು. ಒಬ್ಬೊಬ್ಬರೇ ಬಂದು ಅವರ ಮುಂದೆ ತಮ್ಮ ಕಷ್ಟ ಹೇಳಿಕೊಂಡರು. ಬಿದ್ದು ಕಾಲು ಮುರಿದ ದಿನವೂ ಗೈರುಹಾಜರಿ ಹಾಕಿದ್ದು. ಹೆಂಡದಂಗಡಿಯನ್ನು ತೋಟದೊಳಗೇ ಇಟ್ಟು ಶಾಲೆಯನ್ನು ಇಡದದ್ದು. ಹೆಂಗಸರನ್ನು ಮೇಸ್ತ್ರಿ ಕರೆಯುವ ಬಗೆ. ಅರ್ಥವಾದಷ್ಟಕ್ಕೆ ಖಾಜಾಸಾಬರು ತಲೆಯಾಡಿಸಿದರು. ಬಾಯಾರಿದ ಕೆಲವರು ನೀರು ಕೇಳಿದರು. ಹುಲಿಗೆಮ್ಮ ಚೊಂಬು ಹಿಡಿದು ಒಂದು ಕ್ಷಣ ನಿಂತಳು, ಆಮೇಲೆ ಕೊಟ್ಟಳು. ಮೇಲಿನ ಲೈನಿನ ಮೇಲ್ಜಾತಿಯವರು ನಮ್ಮ ಮನೆಯ ನೀರು ಕುಡಿದದ್ದು ಇದೇ ಮೊದಲು ಎಂದು ಆಮೇಲೆ ಹೇಳಿದಳು. ಊರಿನ ಹೊರಗಿನ ಕೇರಿ ಅವರ ಸಂಗಾಟವೇ ಸಮುದ್ರ ದಾಟಿ ಬಂದಿತ್ತು.

ಜನ ಚದುರಿದ ಮೇಲೆ ಕಿರಾಣಿ ಹೇಳಿದ ದಾರಿಯನ್ನು ತಿಳಿಸಿದೆ.

“ಇಲ್ಲ ಅಂದುಬಿಡಲೇ ಹೊನ್ನೂರ,” ಎಂದರು ಖಾಜಾಸಾಬರು. “ನಾಲಿಗಿಗೆ ಏನ್ ಎಲುಬೈತೇನು? ಇಲ್ಲ ಅನ್ನೋದು ಸುಳ್ಳೂ ಅಲ್ಲ. ನಾನೇನ್ ಸಂಘ ಏನಲೇ? ಕಂಬಳಿ ಮಾರಾಂವ.”

“ಅದು ಖರೇ ಮಾವ,” ಎಂದ ಅವನು. “ಇಲ್ಲ ಅಂತೀನಿ.”

ಆಗ ಹುಲಿಗೆಮ್ಮ ನನಗೆ ಹೇಳಿದಳು, ಗಂಡನಿಗಲ್ಲ. “ಅಣ್ಣಾರ, ನಿನ್ನಿ ನೀವು ಅಂದ್ರಿ, ನಮ್ಮ ಕಡಿ ಹಿಂಗ ನೇಮ ಇಲ್ಲ ಅಂತ. ನಾವು ಗೌಡರ ಓಣ್ಯಾಗ ಚಪ್ಪಲಿ ಕೈಯಾಗ ಹಿಡಕೊಂಡು ಹೋಗತಿದ್ವಿ. ನಮ್ಮತ್ತಿ ಹೋದಳು, ನಾನೂ ಹೋದೆ. ಅದು ತಪ್ಪತೈತಿ ಅಂತ ಹಡಗ ಹತ್ತೀವಿ. ಇಲ್ಲಿ ಚಪ್ಪಲಿ ಹೋಗಿ ಸೈಕಲ್ಲು ಬಂತು.”

ದೇಶನೂರಿನ ಭತ್ತದ ಬೆಳೆಯ ಬಗ್ಗೆ, ಕಾಲುವೆಯ ನೀರಿನ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಎಷ್ಟೋ ಸಲ ವರದಿ ಬಂದಿದೆ. ಆ ಓಣಿಯ ಬಗ್ಗೆ ಒಂದು ಸಾಲೂ ಬಂದಿರಲಿಲ್ಲ. ಅದು ಸುದ್ದಿಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಪೆರಟ್ಟು

ಬೆಳಗಿನ ಹಾಜರಿಗೆ ಅಲ್ಲಿ ಪೆರಟ್ಟು ಎನ್ನುತ್ತಾರೆ. ಮಂಜು ಇನ್ನೂ ಮರಗಳ ಮೇಲಿತ್ತು; ಥಂಡಿಯ ಬಗ್ಗೆ ಹೊನ್ನೂರಪ್ಪ ಹೇಳಿಕಳಿಸಿದ್ದು ಸುಳ್ಳಲ್ಲ. ಗಂಡಸರು ಬಕೀಟು, ಚಾಕು ಹಿಡಿದು ಸಾಲಾಗಿ ನಿಂತರು. ಕಳೆ ಕೀಳುವ ಹೆಂಗಸರು ಬೇರೆ ಸಾಲು. ನಾವಿಬ್ಬರು ಕಾವಲುಗಾರನ ಪಕ್ಕದಲ್ಲಿ, ಹೊರಡಲು ಗಂಟು ಕಟ್ಟಿಕೊಂಡು ನಿಂತಿದ್ದೆವು.

ದೊರೆ ಕಚೇರಿಯ ಮೆಟ್ಟಿಲ ಮೇಲೆ ಬಂದು ನಿಂತ. ಕೂಗಾಡಲಿಲ್ಲ. ಯುದ್ಧದ ಕಾಲದಲ್ಲಿ ಶಿಸ್ತು ಬೇಕು, ಈ ತೋಟದಲ್ಲಿ ಸಂಘವಿಲ್ಲ, ಹಾಗೆಂದು ಇವನೇ ನಿಮಗೆ ಹೇಳುತ್ತಾನೆ ಎಂದ. ಕಿರಾಣಿ ತಮಿಳಿನಲ್ಲಿ ಹೇಳಿದರು. ಹೊನ್ನೂರಪ್ಪನನ್ನು ಮುಂದೆ ಕರೆದರು. ಒಂದು ಕೈಯಲ್ಲಿ ಬಕೀಟು, ಇನ್ನೊಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲು.

ಸಂಘದವನೇ ಎಂದು ಕಿರಾಣಿ ಕೇಳಿದರು. ಕೇಳುವಾಗ ತಲೆಯನ್ನು ಸ್ವಲ್ಪವೇ ಅಡ್ಡಡ್ಡ ಆಡಿಸಿದರು, ಉತ್ತರ ಹೇಳಿಕೊಡುವವರಂತೆ.

ಹೊನ್ನೂರಪ್ಪ ದೊರೆಯ ಕಡೆ ನೋಡಲಿಲ್ಲ. ತಿರುಗಿ ಸಾಲುಗಳನ್ನು ನೋಡಿದ. ಹಿಂದಿನ ಸಂಜೆ ಅವನ ಮನೆಯ ನೀರು ಕುಡಿದವರೆಲ್ಲ ಅಲ್ಲಿದ್ದರು. ಅವನು ಏನೆನ್ನುತ್ತಾನೋ ಎಂದು ಅವನ ಬಾಯನ್ನೇ ನೋಡುತ್ತಿದ್ದರು. ಈ ಸಲ ಅವನು ಗಾಬರಿಯಾಗಿರಲಿಲ್ಲ. ಎಲ್ಲರಿಗೂ ತಿಳಿಯುವ ತಮಿಳಿನಲ್ಲಿ, ನಿಧಾನವಾಗಿ ಹೇಳಿದ: ನಿನ್ನೆ ಇರಲಿಲ್ಲ. ಇವತ್ತು ಇದ್ದೇನೆ.

ಕಿರಾಣಿ ದೊರೆಯ ಕಡೆ ತಿರುಗಿದರು. ಅವರು ಆಡಿದ ಇಂಗ್ಲಿಷು ನನಗೆ ಸ್ಪಷ್ಟವಾಗಿ ಕೇಳಿತು. ನಾನು ಸಂಘದಲ್ಲಿ ಇರಲಿಲ್ಲ ಎನ್ನುತ್ತಾನೆ, ಎಂದರು. ಅಷ್ಟೇ ಹೇಳಿ ನಿಲ್ಲಿಸಿದರು. ಎರಡನೆಯ ಮಾತನ್ನು ತಮ್ಮ ಗಂಟಲಲ್ಲೇ ಇಟ್ಟುಕೊಂಡರು. ಅದು ಅವರು ಕೊಡಬಹುದಾಗಿದ್ದ ದೊಡ್ಡ ಉಪಕಾರ, ಮತ್ತು ಅದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ. ದೊರೆ ಸಮಾಧಾನದಿಂದ ತಲೆಯಾಡಿಸಿದ. ಒಳ್ಳೆಯದು ಎಂದು ಹೇಳಿ ಒಳಗೆ ಹೋಗಲು ತಿರುಗಿದ. ಮನೆ ಉಳಿಯಿತು, ಹೆರಿಗೆಯ ಆಸ್ಪತ್ರೆ ಉಳಿಯಿತು ಎಂದುಕೊಂಡು ಖಾಜಾಸಾಬರು ನನ್ನ ಪಕ್ಕದಲ್ಲಿ ಉಸಿರು ಬಿಟ್ಟರು.

“ಟುಡೇ ಯೆಸ್,” ಎಂದ ಹೊನ್ನೂರಪ್ಪ.

ಅವನಿಗೆ ಇಂಗ್ಲಿಷಿನ ಆ ಎರಡು ಪದ ಬರುತ್ತವೆಂದು ನನಗೆ ಗೊತ್ತಿರಲಿಲ್ಲ. ದೊರೆಗೂ ಗೊತ್ತಿರಲಿಲ್ಲ. ಅವನು ನಿಂತ, ತಿರುಗಿದ, ಕಿರಾಣಿಯನ್ನು ನೋಡಿದ. ಕಿರಾಣಿ ಕಣ್ಣು ಮುಚ್ಚಿಕೊಂಡಿದ್ದರು. ಸಾಲಿನಲ್ಲಿ ಯಾರೋ ಬಕೀಟನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಇನ್ನೊಂದು. ಆಮೇಲೆ ಸಾಲು ಸಾಲಾಗಿ. ತಗಡಿನ ಸದ್ದು ಬಿಟ್ಟರೆ ಬೇರೆ ಯಾವ ಸದ್ದೂ ಇರಲಿಲ್ಲ. ಇವನನ್ನು ಮಧ್ಯಾಹ್ನದೊಳಗೆ ಲೈನಿನಿಂದ ಹೊರಗೆ ಹಾಕು ಎಂದು ದೊರೆ ಹೇಳಿದ್ದು ಆ ಸದ್ದಿನ ನಡುವೆಯೇ. ಅವನು ಒಳಗೆ ಹೋಗಿ ಟೆಲಿಫೋನು ತಿರುಗಿಸಿದ್ದು ಕಿಟಕಿಯಿಂದ ಕಂಡಿತು.

ಗೇಟಿನ ಹೊರಗೆ

ನಮ್ಮನ್ನು ಕೂಡಲೇ ಕಳಿಸಬೇಕಿತ್ತು; ಕಾವಲುಗಾರನೂ ಬಕೀಟು ಇಟ್ಟವರ ಕಡೆಯವನೇ ಆದ್ದರಿಂದ ಲೈನಿನವರೆಗೆ ಹೋಗಿ ಬರಲು ಬಿಟ್ಟ. ಹೊನ್ನೂರಪ್ಪನ ಕೋಣೆ ಖಾಲಿಯಾಗಿತ್ತು. ದೊರೆಯ ಆಳುಗಳು ಬರುವ ಮುಂಚೆ ನೆರೆಯವರೇ ಖಾಲಿ ಮಾಡಿದ್ದರು. ಬೋಗುಣಿ ಒಬ್ಬರ ಮನೆಯಲ್ಲಿ, ಚಾಪೆ ಇನ್ನೊಬ್ಬರ ಮನೆಯಲ್ಲಿ, ಬೀಸುವ ಕಲ್ಲು ಮೇಲಿನ ಲೈನಿನಲ್ಲಿ. ಹೊನ್ನೂರಪ್ಪ ಇನ್ನೂ ಹಾಜರಿಯ ಬಯಲಿನಲ್ಲಿ, ಬಕೀಟು ಇಟ್ಟವರ ನಡುವೆಯೇ ಇದ್ದ. ಹುಲಿಗೆಮ್ಮ ಸೇಲಂ ಕಡೆಯ ಮುದುಕಿಯೊಬ್ಬಳ ಹೊಸ್ತಿಲಲ್ಲಿ ಕುಳಿತಿದ್ದಳು.

ಊರಲ್ಲಿ ಏನು ಹೇಳಲಿ ಎಂದು ಕೇಳಿದೆ.

“ಮನಿ ಹೋತು ಅಂತ ಹೇಳಬ್ಯಾಡ್ರಿ,” ಎಂದಳು. “ಒಂದಿತ್ತು, ಬಾಳಾದ್ವು ಅಂತ ಹೇಳ್ರಿ.” ನಗಲಿಕ್ಕೆ ನೋಡಿದಳು, ಆಗಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

ಇಲ್ಲಿಂದ ಮುಂದೆ ಅವರಿಗೆ ಏನಾಯಿತೆಂದು ನನಗೆ ಗೊತ್ತಿಲ್ಲ. ಕೆಲವು ತಿಂಗಳಲ್ಲಿ ಜಪಾನಿನವರು ಬಂದರು, ಹಡಗುಗಳು ನಿಂತವು. ಯುದ್ಧ ಮುಗಿದ ಮೇಲೆ ಖಾಜಾಸಾಬರು ಮದ್ರಾಸಿನ ದಕ್ಕೆಗೆ ಹೋಗಿ, ಬಂದಿಳಿದವರನ್ನೆಲ್ಲ ಕೇಳಿ ಬಂದರು. ಆ ತೋಟದ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ. ಗೊತ್ತಿರುವುದು ಇನ್ನೊಂದೇ ಸಂಗತಿ. ಅದನ್ನು ಬರೆದು ನಿಲ್ಲಿಸುತ್ತೇನೆ.

ಗೇಟು ದಾಟಿ ನಾವು ದೊಡ್ಡ ರಸ್ತೆಗೆ ಬರುವಾಗ ಎದುರಿಗೆ ಒಂದು ಲಾರಿ ಬಂದು ನಿಂತಿತು. ತುಂಬ ಸಿಪಾಯಿಗಳು, ಕೈಯಲ್ಲಿ ಬಂದೂಕು. ಬಿಳಿಯರಲ್ಲ. ಪಂಜಾಬಿನವರು, ನಮ್ಮ ದೇಶದವರು. ಮುಂದೆ ಕುಳಿತಿದ್ದ ಎಳೆಯ ಮುಖದವನೊಬ್ಬ ಖಾಜಾಸಾಬರ ಟೋಪಿಯನ್ನು ನೋಡಿ ಸಲಾಂ ಹೇಳಿದ. ದಂಗೆ ಎದ್ದ ತೋಟ ಇದೇ ಏನು ಚಾಚಾ ಎಂದು ಹಿಂದೂಸ್ತಾನಿಯಲ್ಲಿ ಕೇಳಿದ.

ಖಾಜಾಸಾಬರು ಲಾರಿಯ ಅಂಚನ್ನು ಹಿಡಿದುಕೊಂಡರು. ದಂಗೆ ಏನೂ ಇಲ್ಲ ಬೇಟಾ ಎಂದರು. ಒಬ್ಬ ಮನುಷ್ಯ ಸೈಕಲ್ಲಿನಿಂದ ಇಳಿಯಲಿಲ್ಲ, ಅಷ್ಟೆ.

ಸಿಪಾಯಿ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ನಕ್ಕ. ಹಿಂದೆ ಕುಳಿತವರಿಗೂ ಆ ಮಾತನ್ನು ತಿರುಗಿ ಹೇಳಿದ, ಅವರೂ ನಕ್ಕರು. ಮುದುಕ ತಮಾಷೆಯವನು ಎಂದುಕೊಂಡರೋ ಏನೋ. ಖಾಜಾಸಾಬರು ಅದು ತಮಾಷೆಯಲ್ಲ ಎಂದು ಮತ್ತೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಲಾರಿ ಹೊರಟಿತು. ಅದು ಗೇಟಿನೊಳಗೆ ತಿರುಗುವವರೆಗೂ ಅವರ ನಗು ನಮಗೆ ಕೇಳುತ್ತಿತ್ತು.